ರೋಸ್ವಿತಾಳ ಪಾಲು

ಬೂದಿ ಕುಡಿಕೆ ಹಿಡಿದವನು ಸ್ಮಶಾನದ ಎರಡನೆಯ ತಿರುವಿನಲ್ಲಿ ಎಡಕ್ಕೆ ಹೊರಳುವ ಬದಲು ಬಲಕ್ಕೆ ಹೊರಳಿದ. ಹಿಂದೆ ಬರುತ್ತಿದ್ದವರೂ ಬಲಕ್ಕೇ ಹೊರಳಿದರು. ಕರಿಯ ಕೋಟು, ಬಿಳಿಯ ಕೈಗವಸು, ಮುಖದಲ್ಲಿ ಕೂಲಿಗೆ ತಂದ ದುಃಖ. ಇಷ್ಟನ್ನೆಲ್ಲ ಧರಿಸಿ ಗಂಭೀರವಾಗಿ ನಡೆಯುವವನನ್ನು ನಿಲ್ಲಿಸಿ ದಾರಿ ತಪ್ಪಿದ್ದೀರಿ ಎನ್ನುವುದು ಹೇಗೆ? ದಾರಿ ಗೊತ್ತಿದ್ದವರೂ ಸುಮ್ಮನೆ ನಡೆದರು. ಕೊನೆಗೆ ಕಲ್ಲುಹಾದಿ ಮುಗಿಯಿತು. ಎದುರಿಗೆ ಒಣಗಿದ ಹೂಮಾಲೆಗಳ ತಿಪ್ಪೆ, ಪಕ್ಕದಲ್ಲಿ ಒಂದು ನಲ್ಲಿ, ನಲ್ಲಿಗೆ ಸರಪಳಿ ಹಾಕಿ ಬಿಗಿದ ಹಸಿರು ನೀರಿನ ಕ್ಯಾನುಗಳು.

"ಜೀವಮಾನ ಪೂರ್ತಿ ಟ್ರಾಮ್ ಓಡಿಸಿದ. ಒಂದು ದಿನ ದಾರಿ ತಪ್ಪಲಿಲ್ಲ," ಎಂದ ಎಗೊನ್. ಅವನೂ ಸತ್ತವನೂ ಒಂದೇ ಟ್ರಾಮ್ ಡಿಪೋದ ಹಳೆಯ ಡ್ರೈವರುಗಳು.

"ತಪ್ಪೋಕೆ ಹಳಿ ಬಿಡಬೇಕಲ್ಲಪ್ಪ," ಎಂದಳು ಹೆಡ್ವಿಗ್, ಸತ್ತ ಲೋಥಾರನ ಅಕ್ಕ. ಊರುಗೋಲನ್ನು ಕಲ್ಲಿಗೆ ಕುಟ್ಟಿದಳು.

ಎಗೊನ್ ಮೂಗು ಹಿಡಿದುಕೊಂಡು ಧ್ವನಿವರ್ಧಕದ ಸ್ವರ ತೆಗೆದ. "ಪ್ರಯಾಣಿಕರ ಗಮನಕ್ಕೆ. ಅನಿವಾರ್ಯ ಕಾರಣಗಳಿಂದ ಈ ಗಾಡಿ ತಿಪ್ಪೆಯವರೆಗೆ ಮಾತ್ರ ಚಲಿಸುತ್ತದೆ." ಅದು ಲೋಥಾರನ ವಿದ್ಯೆ. ಬದುಕಿದ್ದಷ್ಟು ದಿನ ಅವನು ನಿಲ್ದಾಣದ ಅಣಕ ಮಾಡುತ್ತಿದ್ದ, ಈಗ ಎಗೊನ್ ಆ ಅಣಕದ ಅಣಕ ಮಾಡಿದ. ಎರಡು ಕೈ ದಾಟಿ ಬಂದ ನಗೆಯಾದ್ದರಿಂದ ಸ್ವಲ್ಪ ಸವೆದಿತ್ತು. ಆದರೂ ನಾಲ್ಕು ಜನ ನಕ್ಕರು, ಇಬ್ಬರು ಕಣ್ಣೊರೆಸಿಕೊಂಡರು.

"ಅವನಿದ್ದಿದ್ರೆ ಇನ್ನೂ ಚೆನ್ನಾಗಿ ಮಾಡ್ತಿದ್ದ," ಎಂದರು ಯಾರೋ.

"ಇದಾನಲ್ಲ, ಕುಡಿಕೆಯೊಳಗೆ. ಮಾಡಲಿ ನೋಡೋಣ," ಎಂದಳು ಹೆಡ್ವಿಗ್.

ಮಗಳು ಸಿಲ್ಕೆಯ ಕೈಯಲ್ಲಿದ್ದ ಬಿಳಿಯ ಗುಲಾಬಿಯ ಮುಳ್ಳು ಕೈಗವಸಿನ ದಾರಕ್ಕೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸುತ್ತಿದ್ದಳು.

ಗಾಡಿ ತಿರುಗಿತು. ಸರಿಯಾದ ಜಾಗ ಬರೀ ಹುಲ್ಲುಹಾಸು. ಕಲ್ಲಿಲ್ಲ, ಹೆಸರಿಲ್ಲ, ಹೂವಿನ ಪಾತಿಯಿಲ್ಲ. ತೂತು ಕೊರೆದಂತೆ ಒಂದು ಗುಂಡನೆಯ ಕುಳಿ. ಕುಡಿಕೆ ಇಳಿಯಿತು. ಒಬ್ಬೊಬ್ಬರೂ ಸಣ್ಣ ಸಲಿಕೆಯಲ್ಲಿ ಮಣ್ಣು ಹಾಕಿದರು. ಜನವರಿಯ ಮಣ್ಣು ಹೆಪ್ಪುಗಟ್ಟಿ ಹೆಂಟೆಯಾಗಿತ್ತು, ಕುಡಿಕೆಯ ಮೇಲೆ ಬಿದ್ದು ಯಾರೋ ಬಾಗಿಲು ತಟ್ಟಿದಂತೆ ಸದ್ದಾಯಿತು.

"ಹುಲ್ಲು," ಎಂದಳು ಹೆಡ್ವಿಗ್. "ಬೇಸಿಗೆಗೆ ನನ್ನ ತಮ್ಮನ ಮೇಲೆ ಹುಲ್ಲು ಕತ್ತರಿಸೋ ಯಂತ್ರ ಓಡಿಸ್ತಾರೆ."

"ಅಪ್ಪಾನೇ ಆರಿಸಿದ್ದು ಅತ್ತೆ."

"ಕಮ್ಮಿ ಬೆಲೇದು ಅಂತ ಆರಿಸಿದ. ಆರಿಸೋಕೆ ಇನ್ನೇನಿತ್ತು ಅವನ ಹತ್ರ? ಅರ್ಧ ಅವಳು ತಿಂತಿದ್ದಳಲ್ಲ." ಹೆಡ್ವಿಗ್ ಸುತ್ತ ನೋಡಿದಳು. "ಬರಲಿಲ್ಲ ನೋಡು ನಿಮ್ಮಮ್ಮ. ಇಷ್ಟು ವರ್ಷ ಅವನ ಪಿಂಚಣಿ ನುಂಗಿದೋಳು ಒಂದು ಹೂವಾದ್ರೂ ಕಳಿಸಬಾರದಾ?"

"ಅವಳಿಗೆ ಬರೋಕೆ ಆಗಲಿಲ್ಲ ಅತ್ತೆ," ಎಂದಳು ಸಿಲ್ಕೆ.

ಇದು ಸುಳ್ಳೇನಲ್ಲ. ರೋಸ್ವಿತಾಳಿಗೆ ಹನ್ನೊಂದು ವರ್ಷದಿಂದ ಎಲ್ಲಿಗೂ ಬರಲು ಆಗುತ್ತಿರಲಿಲ್ಲ. ಅವಳು ಸತ್ತಿದ್ದಳು. ಅದು ಗೊತ್ತಿದ್ದದ್ದು ಅಲ್ಲಿ ನಿಂತವರಲ್ಲಿ ಸಿಲ್ಕೆ ಒಬ್ಬಳಿಗೇ.

*

ಲೋಥಾರ್ ಮತ್ತು ರೋಸ್ವಿತಾ ಬೇರೆಯಾದದ್ದು ಯಾಕೆ ಎಂದು ಕೇಳಿದರೆ ಇಬ್ಬರೂ ತಡವರಿಸುತ್ತಿದ್ದರು. ಅವನು ಕುಡುಕನಲ್ಲ, ಹೊಡೆಯುವವನಲ್ಲ, ಬೇರೆ ಹೆಂಗಸಿನ ಕಡೆ ನೋಡಿದವನಲ್ಲ. ಆದರೆ ಮನೆಗೆ ಅವನು ಬರುತ್ತಲೇ ಇರಲಿಲ್ಲ, ಅವನ ಅಣಕಗಳು ಬರುತ್ತಿದ್ದವು. ಡಿಪೋದ ಮೇಲ್ವಿಚಾರಕ ಬಂದು ಚಪ್ಪಲಿ ಬಿಡುತ್ತಿದ್ದ, ಪಾದ್ರಿ ಊಟಕ್ಕೆ ಕೂರುತ್ತಿದ್ದ, ಟಿವಿಯ ಹವಾಮಾನದವನು ಹಾಸಿಗೆಗೆ ಬಂದು ರಾತ್ರಿ ತುಂತುರು ಮಳೆಯ ಸಾಧ್ಯತೆ ಇದೆ ಎನ್ನುತ್ತಿದ್ದ. ಮೊದಲ ಹತ್ತು ವರ್ಷ ರೋಸ್ವಿತಾ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಬರೀ ನಕ್ಕಳು. ಆಮೇಲೆ ಒಂದು ದಿನ, "ಲೋಥಾರ್ ಇದಾನಾ ಮನೇಲಿ? ಇದ್ರೆ ಕರಿ, ಒಂಚೂರು ಮಾತಾಡಬೇಕು," ಎಂದಳು. ಲೋಥಾರ್ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯ ದನಿಯಲ್ಲಿ, "ನೀವು ಕರೆ ಮಾಡಿದ ಚಂದಾದಾರರು..." ಎಂದು ಶುರು ಮಾಡಿದ. ಅವಳು ಪೆಟ್ಟಿಗೆ ತುಂಬಿಕೊಂಡಳು.

ಮದುವೆಯ ವರ್ಷಗಳಲ್ಲಿ ಕೂಡಿದ ಪಿಂಚಣಿಯೆಲ್ಲ ಇಬ್ಬರದೂ ಎನ್ನುವುದು ಆ ನಾಡಿನ ಕಾನೂನು. ಅವನು ಟ್ರಾಮ್ ಓಡಿಸಿದ ಕಾಲವೆಲ್ಲ ಅವಳು ಮಗಳನ್ನು ಸಾಕಿದ್ದಳು, ಬೆಳಗಿನ ಹೊತ್ತು ಬೇಕರಿಯಲ್ಲಿ ನಿಂತಿದ್ದಳು. ವಿಚ್ಛೇದನದ ದಿನ ನ್ಯಾಯಾಧೀಶೆ ಕೂಡಿ ಕಳೆದು, ಮುಂದೆ ಅವನಿಗೆ ಬರಬೇಕಾದ ಪಿಂಚಣಿಯಿಂದ ಒಂದು ದೊಡ್ಡ ಹೋಳನ್ನು ರೋಸ್ವಿತಾಳ ಹೆಸರಿಗೆ ದಾಟಿಸಿದಳು. ಮನೆ ಬಾಡಿಗೆಯದು, ಅದನ್ನು ಹೋಳು ಮಾಡುವ ಕೆಲಸ ಬರಲಿಲ್ಲ. ಕೋರ್ಟಿನ ಹೊರಗೆ ಲೋಥಾರ್ ಗಾಡಿಯಂಗಡಿಯಲ್ಲಿ ಒಂದು ಸಾಸೇಜು ಕೊಂಡು, ನ್ಯಾಯಾಧೀಶೆಯ ಹಾಗೆ ಕನ್ನಡಕ ಮೂಗಿಗಿಳಿಸಿ, ಪ್ಲಾಸ್ಟಿಕ್ ಕತ್ತಿಯಲ್ಲಿ ಸರಿ ಅರ್ಧಕ್ಕೆ ಕತ್ತರಿಸಿದ. ರೋಸ್ವಿತಾ ತನ್ನ ಅರ್ಧ ತಿಂದಳು, ನಕ್ಕಳು, ಅತ್ತಳು. ರೈಲು ಹತ್ತಿ ಉತ್ತರ ಕಡಲ ಬದಿಯ ತವರೂರಿಗೆ ಹೋಗಿಬಿಟ್ಟಳು. ಅಲ್ಲಿ ಹೊಗೆಮೀನಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

ಆ ಕಡಲ ಬದಿಯವರು 'ಹೌದು' ಅನ್ನುವುದೇ ಬೇರೆ ಥರ. ಉಸಿರನ್ನು ಹೊರಗೆ ಬಿಡುವುದಿಲ್ಲ, ಒಳಕ್ಕೆ ಎಳೆದುಕೊಂಡು ಅನ್ನುತ್ತಾರೆ, ಬಿಸಿ ಸಾರು ಹೀರಿದ ಹಾಗೆ. ಸಿಲ್ಕೆ ಚಿಕ್ಕವಳಿದ್ದಾಗ ಅಮ್ಮನ ಅಣಕ ಕಲಿಯಲು ಹಟ ಹಿಡಿದಿದ್ದಳು. ನಡಿಗೆ ಬಂತು, ಗದರುವುದು ಬಂತು, ದನಿಯೂ ಬಂತು. ಆ ಒಂದು 'ಹೌದು' ಮಾತ್ರ ಬರಲಿಲ್ಲ. ಲೋಥಾರ್ ಅವಳನ್ನು ಚಳಿಗಾಲದ ಅಡುಗೆಮನೆ ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಿಸುತ್ತಿದ್ದ.

"ಹೇಳು ಪುಟ್ಟಿ."

"ಹೌದು."

"ನೋಡು, ಗಾಜು ಮಂಜಾಯ್ತು. ಅದು ನಿನ್ನ ಹೌದು. ನಿಮ್ಮಮ್ಮಂದು ಗಾಜಿಗೆ ತಾಗಲ್ಲ, ವಾಪಸ್ ಹೊಟ್ಟೆಗೇ ಹೋಗುತ್ತೆ."

ಅವನು ಮಾಡಿ ತೋರಿಸುತ್ತಿದ್ದ. ಗಾಜು ತೊಳೆದಿಟ್ಟಂತೆ ಇರುತ್ತಿತ್ತು.

*

ಹೋಟೆಲಿನ ಹಿಂಕೋಣೆಯಲ್ಲಿ ಹಂಡೆಯಷ್ಟು ಕಾಫಿ, ಹಂದಿಮಾಂಸ ಇಟ್ಟ ಬನ್ನು, ಮೇಲೆ ಸಕ್ಕರೆ ಹಿಟ್ಟಿನ ಹರಳು ಉದುರಿಸಿದ ಕೇಕು. ಈ ಕಡೆ ಅದನ್ನು ಸಾವಿನ ಕೇಕು ಎಂದೇ ಕರೆಯುತ್ತಾರೆ. ಮದುವೆಗೂ ಅದನ್ನೇ ಮಾಡುತ್ತಾರೆ, ಆಗ ಹೆಸರು ಹೇಳುವುದಿಲ್ಲ.

ಮೂಲೆಯಂಗಡಿಯ ನೆವ್ಜಾತ್ ಒಂದು ಬಿಳಿ ಕಾಗದದ ಪೊಟ್ಟಣ ತಂದು ಮೇಜಿನ ಮೇಲಿಟ್ಟ. ಒಳಗೆ ಬಿಡಿ ಮಿಠಾಯಿಗಳು, ಶಾಲೆ ಮಕ್ಕಳು ಆರಿಸಿ ಕೊಳ್ಳುವಂಥವು.

"ಲೋಥಾರಣ್ಣನಿಗೆ ದಿನಾ ಒಂದು ಹುಳಿ ಮಿಠಾಯಿ ಬೇಕು. ಬಾಟಲಿ ಕೊಡೋರು, ಮಿಠಾಯಿ ತಗೊಳೋರು."

"ಬಾಟಲಿ?" ಎಂದಳು ಸಿಲ್ಕೆ.

ನೆವ್ಜಾತ್ ಎಗೊನನ ಮುಖ ನೋಡಿದ. ಎಗೊನ್ ಕೇಕಿನ ಮುಖ ನೋಡಿದ.

"ಖಾಲಿ ಬಾಟಲಿ," ಎಂದಳು ಹೆಡ್ವಿಗ್. "ವಾಪಸ್ ಕೊಟ್ರೆ ಚಿಲ್ಲರೆ ಸಿಗುತ್ತಲ್ಲ, ಅದು. ಫುಟ್ಬಾಲ್ ಮ್ಯಾಚ್ ಇದ್ದ ದಿನ ಮೈದಾನದ ಹೊರಗೆ ಕಸದ ಡಬ್ಬಿಗೆ ಕೈ ಹಾಕ್ತಿದ್ದ ನಿಮ್ಮಪ್ಪ. ನಾನೇ ಕಣ್ಣಾರೆ ನೋಡಿದೀನಿ. ನೋಡಿಲ್ಲ ಅನ್ನೋ ಹಾಗೆ ಬಂದೆ."

"ಹಂಗಲ್ಲಮ್ಮ," ಎಂದ ನೆವ್ಜಾತ್. "ನಾನು ಕೇಳಿದೆ, ಯಾಕಣ್ಣ ಬಗ್ಗೋದು, ಎದೆ ಕುಯ್ಸಿಕೊಂಡೋರು ಅಂತ. ಡಾಕ್ಟರು ವ್ಯಾಯಾಮ ಹೇಳಿದಾರಪ್ಪ, ಸರ್ಕಾರ ಬಾಟಲಿ ಲೆಕ್ಕದಲ್ಲಿ ಬಗ್ಗಿಸ್ತಿದೆ ಅಂದ್ರು. ಎಷ್ಟು ಚೆನ್ನಾಗಿ ಅಂದ್ರು ಅಂದ್ರೆ, ಆ ಡಾಕ್ಟರು ದನಿಯಲ್ಲೇ."

"ತೋಟ ಬಿಟ್ಟ," ಹೆಡ್ವಿಗ್ ಬೆರಳು ಮಡಚತೊಡಗಿದಳು. "ರೈಲು ಹಳಿ ಪಕ್ಕ ಇತ್ತಲ್ಲ, ಸಣ್ಣ ತೋಟ, ಸ್ಟ್ರಾಬೆರಿ ಬೆಳೀತಿದ್ದ. ಮನೆ ಬಿಟ್ಟು ಒಂದು ಕೋಣೆಗೆ ಬಂದ. ಚಳೀಲಿ ಹೀಟರ್ ಹಾಕ್ದೆ ಕೋಟು ಹಾಕ್ಕೊಂಡೇ ಕೂರೋನು. ಕೇಳಿದ್ರೆ, 'ನಾನು ಡ್ಯೂಟಿ ಮೇಲಿದೀನಕ್ಕ' ಅನ್ನೋನು. ನಾನೊಂದು ಸಲ ಬೈದೆ. ನಿನ್ನ ಜೀವ ತೇದು ಆ ಮೀನಿನಂಗಡಿಯೋಳಿಗೆ ಹಾಕ್ತಾರಲ್ಲೋ ಅಂದೆ. 'ಹೋಗ್ಲಿ ಬಿಡಕ್ಕ, ರೋಸ್ವಿತಾ ತಾನೇ ತಿಂತಾಳೆ' ಅಂದ."

ಸಿಲ್ಕೆ ಕಾಫಿ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದಳು. ಆ ಮಾತು ಅವಳೂ ಕೇಳಿದ್ದಳು. ಪಿಂಚಣಿಯ ವಯಸ್ಸು ಮುಟ್ಟುವ ಮೊದಲೇ ಅಮ್ಮ ತೀರಿಕೊಂಡ ವಾರ ಅಪ್ಪನ ಎದೆ ತೆರೆದಿದ್ದರು. ಆಸ್ಪತ್ರೆಯಿಂದ ಅವನು ಫೋನಿನಲ್ಲಿ, "ನಿಮ್ಮಮ್ಮ ಚೆನ್ನಾಗಿದಾಳಾ?" ಎಂದು ಕೇಳಿದಾಗ ಸಿಲ್ಕೆ ಕಡಲೂರಿನ ಶವಾಗಾರದ ಮೆಟ್ಟಿಲ ಮೇಲೆ ನಿಂತಿದ್ದಳು. "ಚೆನ್ನಾಗಿದಾಳೆ," ಎಂದಳು. ಹೊಲಿಗೆ ಒಣಗಲಿ, ಆಮೇಲೆ ಹೇಳೋಣ ಅಂದುಕೊಂಡಳು. ಅಮ್ಮನ ಬೂದಿ ಅವಳಿಷ್ಟದಂತೆ ಸಮುದ್ರಕ್ಕೆ ಹೋಯಿತು. ಕಲ್ಲಿಲ್ಲ, ಕಲ್ಲಿನ ಮೇಲೆ ತಾರೀಕಿಲ್ಲ. ಹೊಲಿಗೆ ಒಣಗಿತು. ಪಿಂಚಣಿ ಕೈಗೆ ಬಂದು ಹೋಳು ಕಡಿದದ್ದು ಕಂಡಾಗಲೆಲ್ಲ ಅಪ್ಪ ಅದೇ ಮಾತು ಹೇಳಿ ನಗುತ್ತಿದ್ದ. ಸತ್ತವಳ ಹೆಸರು ಹೇಳಿ ಆ ನಗುವನ್ನೂ ಕಿತ್ತುಕೊಳ್ಳುವುದೇ ಎಂದು ಅವಳು ಮುಂದೂಡಿದಳು. ಮುಂದೂಡಿದ ಮಾತು ಬೆಳೆದು ದೊಡ್ಡದಾಗಿ ಬಾಯಲ್ಲಿ ಹಿಡಿಸದಾಯಿತು. ಹೋಳು ಎಲ್ಲಿಗೆ ಹೋಗುತ್ತಿದೆ ಎಂದು ಅವಳು ಯೋಚಿಸಿದ್ದಿಲ್ಲ. ಕೋರ್ಟು ಕಡಿದದ್ದು ಕಡಿದಂತೆಯೇ ಎಂದು ನಂಬಿದ್ದಳು.

ಹೆಡ್ವಿಗ್ ಕೊನೆಯ ಬೆರಳು ಮಡಚಿ ಮುಷ್ಟಿ ಮಾಡಿದಳು. "ಅವಳಾದ್ರೂ ಬೇಗ ಹೋಗಿದ್ರೆ ನನ್ನ ತಮ್ಮ ಬದುಕಿಕೊಳ್ತಿದ್ದ."

"ಅಕ್ಕ, ಇವತ್ತಾದ್ರೂ," ಎಂದ ಎಗೊನ್. ಆಮೇಲೆ ಬನ್ನು ಕಚ್ಚಿ, "ಕಾನೂನು ಹಂಗೇ ಇದೆ ಬಿಡಿ," ಎಂದ.

"ಹೆಂಗೆ?" ಎಂದಳು ಸಿಲ್ಕೆ.

"ನೀವು ಈಗ ಅಂದ್ರಲ್ಲ ಅಕ್ಕ, ಹಂಗೇ. ನಾನು ಮಂಗಳವಾರ ಚರ್ಚಿನ ಸಭಾಂಗಣದಲ್ಲಿ ಕೂತ್ಕೊಂಡು ವಯಸ್ಸಾದೋರ ಪಿಂಚಣಿ ಅರ್ಜಿ ತುಂಬಿಕೊಡ್ತೀನಲ್ಲ, ಇಂಥದ್ದು ಬರುತ್ತೆ. ಪಾಲು ತಗೊಂಡೋರು ಆ ಪಿಂಚಣಿ ಅನುಭವಿಸದೇ ಸತ್ತೋದ್ರೆ, ಇಲ್ಲಾ ಅನುಭವಿಸಿ ಮೂರು ವರ್ಷ ಮೀರೋಕೆ ಮುಂಚೆ ಸತ್ತೋದ್ರೆ, ಪಾಲು ಕೊಟ್ಟೋರದ್ದು ಕೊಟ್ಟೋರಿಗೇ ವಾಪಸ್. ಪೂರ್ತಿ. ಡಿಪೋದ ಬರ್ನ್‌ಹಾರ್ಟ್‌ಗೆ ನಾನೇ ಮಾಡಿಸಿಕೊಟ್ಟೆ. ಒಂದು ಅರ್ಜಿ, ಒಂದು ಸಹಿ. ಈಗ ವರ್ಷಕ್ಕೊಂದು ಸಲ ಹಡಗಲ್ಲಿ ಓಡಾಡ್ತಾನೆ."

ಸಿಲ್ಕೆಯ ಬಟ್ಟಲು ತಟ್ಟೆಗೆ ತಾಗಿ ಸದ್ದಾಯಿತು. "ತಾನಾಗೇ ವಾಪಸ್ ಬರಲ್ವಾ?"

"ಎಲ್ಲಿಂದ ಬರುತ್ತೆ? ಕೇಳದೇ ಇದ್ರೆ ಕಚೇರಿಯೋರು ಕಡೀತಾನೇ ಇರ್ತಾರೆ. ಹೆಂಡತಿ ಸತ್ತಿದ್ದು ಇವರಿಗೆ ಗೊತ್ತಿರಬೇಕು, ಗೊತ್ತಾದೋರು ಅರ್ಜಿ ಹಾಕಬೇಕು. ಹಾಕಿದ ಮೇಲಿಂದ ಸಿಗುತ್ತೆ, ಹಿಂದಿಂದು ಹೋದಂಗೆ."

"ಅಲ್ಲೀತನಕ ಆ ದುಡ್ಡು ಯಾರಿಗೆ ಹೋಗುತ್ತೆ ಮಾಮ?"

"ಯಾರಿಗೂ ಇಲ್ಲ," ಎಂದ ಎಗೊನ್. "ತಿನ್ನೋಕೆ ಯಾರೂ ಇಲ್ಲ, ತಟ್ಟೆ ಮಾತ್ರ ದಿನಾ ಹಾಕ್ತಾರೆ."

"ಪಿಂಚಣಿದಾರನೂ ಸತ್ತ ಮೇಲೆ? ಮಗಳು ಗಿಗಳು ಅರ್ಜಿ ಹಾಕಿದ್ರೆ?"

"ಸತ್ತೋನ ಪಿಂಚಣಿ ಸರಿಮಾಡಿ ಯಾರಿಗಮ್ಮ ಕೊಡೋದು? ಮುಗೀತು." ಎಗೊನ್ ಅವಳನ್ನು ನೋಡಿದ. "ನಿಮ್ಮಪ್ಪಂಗೆ ಇದೆಲ್ಲ ಹೇಳಿದ್ದೆ ನಾನು."

ಸಿಲ್ಕೆ ತಲೆಯೆತ್ತಿದಳು.

"ಮೂರು ನಾಲ್ಕು ವರ್ಷ ಆಯ್ತು. ಬಾಟಲಿ ಚೀಲ ಹಿಡ್ಕೊಂಡು ಬರ್ತಿದ್ದ, ಹೊಟ್ಟೆ ಉರೀತು ನಂಗೆ. ನಿನ್ನ ರೋಸ್ವಿತಾ ಬದುಕಿದಾಳಾ ಅಂತ ನೇರ ಕೇಳ್ದೆ. ವಿಚಾರಿಸಿ ನೋಡು, ಅರ್ಜಿ ನಾನು ಬರೀತೀನಿ ಅಂದೆ."

"ಏನಂದ್ರು?"

"'ಬದುಕಿದಾಳೆ ಕಣೋ, ಹುಟ್ಟುಹಬ್ಬಕ್ಕೆ ಫೋನ್ ಮಾಡಿದ್ದಳು' ಅಂದ."

*

ಲೋಥಾರನಿಗೆ ಎಪ್ಪತ್ತು ತುಂಬಿದಾಗ ಏನು ಬೇಕಪ್ಪ ಎಂದು ಸಿಲ್ಕೆ ಕೇಳಿದ್ದಳು. ಬೆಚ್ಚನೆಯ ಕೋಟು ಕೊಡಿಸುವುದು ಅವಳ ಮನಸ್ಸಿನಲ್ಲಿತ್ತು. "ರೋಸ್ವಿತಾ ಒಂದು ಫೋನ್ ಮಾಡಿದ್ರೆ ಸಾಕು," ಎಂದ.

ಅವಳು ತನ್ನ ಮನೆಯ ಮೇಲುಮಹಡಿಗೆ ಹೋಗಿ, ಗಾಳಿ ಬೀಸುವಲ್ಲಿ ನಿಂತು, ನಂಬರ್ ಕಾಣದಂತೆ ಮಾಡಿ ಫೋನ್ ಹಚ್ಚಿದಳು. ಅಮ್ಮನ ದನಿ ಗಂಟಲಲ್ಲಿ ಸುಲಭವಾಗಿ ಬಂದು ಕೂತಿತು. ಅಷ್ಟು ಸುಲಭವಾಗಿ ಬಂದದ್ದಕ್ಕೆ ಅವಳಿಗೇ ಭಯವಾಯಿತು.

ಆ ದಿನ ಲೋಥಾರ್ ಪಾದ್ರಿಯಾಗಲಿಲ್ಲ, ಮೇಲ್ವಿಚಾರಕನಾಗಲಿಲ್ಲ. ಸಿಲ್ಕೆ ತನ್ನ ಆಯುಷ್ಯದಲ್ಲಿ ಕೇಳಿರದ ಒಂದು ಒರಟು, ಸಾದಾ ದನಿಯಲ್ಲಿ ಮಾತಾಡಿದ. ಕಡಲು ಹೇಗಿದೆ ಎಂದು ಕೇಳಿದ. ಮಂಡಿ ನೋವು ಹೇಗಿದೆ ಎಂದು ಕೇಳಿದ. ಮನೆಯಲ್ಲಿದ್ದಾಗ ಮನೆಗೆ ಬರಲಿಲ್ಲ ನಾನು, ತಪ್ಪಾಯಿತು ಎಂದ. ಕೊನೆಗೆ, "ಹೊಟ್ಟೆಗೆ ಬಟ್ಟೆಗೆ ಸಾಕಾಗುತ್ತಾ ರೋಸ್ವಿತಾ?" ಎಂದ.

"ಹೌದು," ಎಂದಳು ಸಿಲ್ಕೆ.

ಗಾಳಿಗೆ ಫೋನ್ ಕಡಿದು ಹೋಯಿತೇನೋ ಅಂದುಕೊಂಡಳು. ಆಮೇಲೆ ಲೋಥಾರ್, "ಆಯ್ತು. ಚಳೀಲಿ ನಿಲ್ಲಬೇಡ, ಒಳಗೆ ಹೋಗು," ಎಂದು ಫೋನಿಟ್ಟ.

ಅದಾದ ಮೇಲೆ ಅವನು ಸಿಲ್ಕೆಯ ಹತ್ತಿರ ಅಮ್ಮ ಚೆನ್ನಾಗಿದಾಳಾ ಎಂದು ಕೇಳಲೇ ಇಲ್ಲ. ಆಸೆ ತೀರಿತು ಅಪ್ಪನಿಗೆ ಎಂದುಕೊಂಡು ಅವಳು ಹಗುರಾದಳು.

*

"ಇನ್ನೇನಂದ್ರು ಮಾಮ?" ಎಂದಳು ಸಿಲ್ಕೆ.

"ಇನ್ನೇನು, ಅವನ ಮಾಮೂಲಿ ತಮಾಷೆ." ಎಗೊನ್ ಬಾಯೊರೆಸಿಕೊಂಡು ಲೋಥಾರನ ಹಾಗೆ ಕತ್ತು ವಾರೆ ಮಾಡಿದ. "'ಚೆನ್ನಾಗೇ ಮಾತಾಡಿದಳು ಕಣೋ ಎಗೊನ್, ದನಿ ಗಿನಿ ಎಲ್ಲ ಹಂಗೇ ಇದೆ. ಆದ್ರೆ ಈಚೆಗೆ ಅವಳ ಹೌದು ಹೊರಕ್ಕೆ ಬರುತ್ತೆ. ಇಷ್ಟು ವರ್ಷ ಹೇಳಿಕೊಟ್ಟರೂ ಹೊರಕ್ಕೇ ಬರುತ್ತೆ.' ಅಷ್ಟಂದು ನಕ್ಕ. ಯಾರಿಗೆ ಏನು ಹೇಳಿಕೊಟ್ಟನೋ, ನಂಗೊಂದೂ ತಿಳೀಲಿಲ್ಲ. ಅರ್ಜಿ ಗಿರ್ಜಿ ಬೇಡ, ಇನ್ನೊಂದು ಸಲ ಈ ಮಾತು ಎತ್ತಬೇಡ ಅಂದ. ಚೀಲ ಹೆಗಲಿಗೆ ಹಾಕ್ಕೊಂಡು ಹೋದ."

ನೆವ್ಜಾತ್ ನಕ್ಕ. "ಲೋಥಾರಣ್ಣನ ಅರ್ಧ ಮಾತು ಯಾರಿಗೂ ಅರ್ಥ ಆಗ್ತಿರಲಿಲ್ಲ."

ಸಿಲ್ಕೆಯ ಬಾಯಲ್ಲಿದ್ದ ಕೇಕಿನ ಚೂರು ಮರಳಿನಂತೆ ಕೂತಿತು. ಕಾಗದದ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡು ಎಗೊನ್ ಅವಳ ಬೆನ್ನು ಸವರಿದ.

"ಅಳೋದಲ್ಲ," ಎಂದಳು ಹೆಡ್ವಿಗ್. "ಫೋನ್ ಮಾಡು ಅವಳಿಗೆ. ಈಗಲೇ ಮಾಡು. ಅವಳನ್ನ ಸಾಕಿದೋನನ್ನ ಹುಲ್ಲಿನಡಿ ಹಾಕಿ ಬಂದ್ವಿ ಅಂತ ಹೇಳು. ಹುಲ್ಲಿನ ಮೇಲೆ ಒಂದು ಕಲ್ಲಾದ್ರೂ ಹಾಕಿಸ್ತಾಳಾ ಕೇಳು. ಹೌದು ಇಲ್ಲ, ಎರಡರಲ್ಲೊಂದು ಹೇಳಿಸು."

"ಅತ್ತೆ..."

"ನೀನು ಮಾಡ್ತೀಯೋ, ನಂಬರ್ ಕೊಡ್ತೀಯೋ?" ಹೆಡ್ವಿಗ್ ಕೈ ಚಾಚಿದಳು. ಅವಳಿಗೆ ಇದ್ದ ಒಬ್ಬನೇ ತಮ್ಮ, ಬೈಯುವುದಕ್ಕೆ ಉಳಿದ ಒಬ್ಬಳೇ ಹೆಂಗಸು.

ಹೇಳಿಬಿಡಬೇಕು, ಈ ಮೇಜಿನ ಮೇಲೆ, ಈಗಲೇ. ಸಿಲ್ಕೆ ಬಾಯಿ ತೆರೆದಳು. ಎದುರಿಗೆ ಮೂರು ಮುಖ: ಒಂದಕ್ಕೆ ತಮ್ಮನಿಲ್ಲ, ಒಂದಕ್ಕೆ ಗೆಳೆಯನಿಲ್ಲ, ಒಂದರ ಮುಂದೆ ಯಾರೂ ಮುಟ್ಟದ ಮಿಠಾಯಿ ಪೊಟ್ಟಣ.

"ನಾನೇ ಮಾಡ್ತೀನಿ," ಎಂದು ಎದ್ದಳು.

ಹೊರಗೆ ಹಿತ್ತಿಲಲ್ಲಿ ಖಾಲಿ ಬಿಯರ್ ಕ್ರೇಟುಗಳ ಅಟ್ಟಿ. ಅವಳು ಹಿಂಕೋಣೆಯ ಕಿಟಕಿಗೆ ಮುಖ ಮಾಡಿ, ಗಾಜಿಗೆ ಹತ್ತಿರ ನಿಂತಳು. ಒಳಗಿನಿಂದ ಮೂವರೂ ನೋಡುತ್ತಿದ್ದರು. ಫೋನನ್ನು ಕಿವಿಗಿಟ್ಟುಕೊಂಡಳು. ಯಾವ ನಂಬರನ್ನೂ ಒತ್ತಿರಲಿಲ್ಲ. ತುಟಿ ಆಡಿಸಿದಳು, ತಲೆಯಾಡಿಸಿದಳು, ಕೇಳಿಸಿಕೊಂಡಂತೆ ಸುಮ್ಮನಿದ್ದಳು. ಅಪ್ಪ ಕಲಿಸಿದ್ದೆಲ್ಲ ಚೆನ್ನಾಗಿ ಬಂತು.

ಒಳಗೆ ಹೆಡ್ವಿಗ್ ಎದ್ದು ಕಿಟಕಿಯ ಹತ್ತಿರ ಬಂದಳು. ಗಾಜಿನ ಆ ಕಡೆ ಹುಬ್ಬು ಹಾರಿಸಿ, ಏನಂತೆ, ಹೌದಂತಾ, ಎಂದು ಕೈಯಲ್ಲೇ ಕೇಳಿದಳು.

ಸಿಲ್ಕೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಎದೆ ಖಾಲಿ ಮಾಡಿಕೊಂಡು, ಒಳಕ್ಕೆ ಎಳೆಯುತ್ತ, "ಹೌದು," ಎನ್ನಲು ನೋಡಿದಳು.

ಗಾಜು ಮಂಜಾಯಿತು. ಕೋಟಿನ ತೋಳಿನಿಂದ ಒರೆಸಿದಳು. ಹೆಡ್ವಿಗಳ ಮುಖ ಕಂಡಿತು. ಮತ್ತೆ ಅಂದಳು, ಮತ್ತೆ ಮಂಜಾಯಿತು. ಒರೆಸಿದಳು. ಒಳಗೆ ಮುದುಕಿಯೂ ತನ್ನ ಕಡೆಯಿಂದ ಗಾಜು ಒರೆಸತೊಡಗಿದ್ದಳು, ಮಂಜು ಇರುವುದು ಯಾವ ಬದಿಗೆ ಎಂದು ತಿಳಿಯದೆ.